ಹಿಂದಿನ ಲೇಬಲ್ ಮೊದಲು ಓದಿ: ಅಗ್ಗದ ವೈನ್ ಆರಿಸುವ ಹೊಸಬರಿಗೆ

ವಿಜಯಪುರದಲ್ಲಿ ವೈನ್ ಶಾಪಿಗೆ ಹೋಗಿ ವೈನ್ ಕೇಳಿ ನೋಡಿ. ಕೌಂಟರಿನ ಹುಡುಗ ಕೈಯಲ್ಲಿದ್ದ ಕ್ವಾರ್ಟರನ್ನು ಹಾಗೇ ಹಿಡಿದು ನಿಮ್ಮ ಮುಖ ನೋಡುತ್ತಾನೆ. "ವೈನ್ ಅಂದ್ರ ಖರೇನ ವೈನಾ, ಅಣ್ಣಾರ?" ಎಂದು ನನ್ನನ್ನೊಬ್ಬ ಕೇಳಿದ್ದ. ಹೌದಪ್ಪಾ ಅಂದಮೇಲೆ ಸ್ಟೂಲ್ ಹತ್ತಿ, ಎಲ್ಲಕ್ಕಿಂತ ಮೇಲಿನ ಹಲಗೆಯಿಂದ ಧೂಳು ಕೂತ ಮೂರು ಬಾಟಲಿ ಇಳಿಸಿ, ತನ್ನ ಅಂಗಿ ತೋಳಿನಿಂದಲೇ ಒರೆಸಿ ಮುಂದಿಟ್ಟ. ಬೋರ್ಡಿನ ಮೇಲೆ 'ವೈನ್ಸ್', ಒಳಗೆಲ್ಲ ವಿಸ್ಕಿ, ರಮ್ಮು, ಬಿಯರು. ಊರು ದಾಟಿ ತಿಕೋಟಾ ದಾರಿ ಹಿಡಿದರೆ ಎರಡೂ ಕಡೆ ದ್ರಾಕ್ಷಿ ಪಡ. ಆದರೂ ನಮ್ಮೂರಿನಲ್ಲಿ ವೈನ್ ಕೇಳುವವನು ಪರಊರಿನವನ ಹಾಗೆ ಕಾಣುತ್ತಾನೆ.

ನಾನೂ ಬಲ್ಲವನೇನಲ್ಲ. ನನ್ನದೊಂದು ಸಣ್ಣ ಆಫ್‌ಸೆಟ್ ಪ್ರೆಸ್ಸು. ಮದುವೆ ಪತ್ರಿಕೆ, ಬಿಲ್ ಬುಕ್, ಸೀಜನ್ ಬಂತೆಂದರೆ ಒಣದ್ರಾಕ್ಷಿ ಬಾಕ್ಸು. ಮೊದಲ ವೈನ್ ಬಾಟಲಿ ಕೊಂಡಿದ್ದು ಕುಡಿಯುವ ಆಸೆಗಲ್ಲ, ಅದರ ಲೇಬಲ್ಲಿನ ಕಾಗದ ಕೈಯಲ್ಲಿ ಹಿಡಿದು ನೋಡಬೇಕೆಂಬ ಆಸೆಗೆ. ದಪ್ಪ, ತರಿತರಿ ಕಾಗದ, ಅದರ ಮೇಲೆ ಉಬ್ಬಚ್ಚು. ವೈನ್ ಹೇಗಿತ್ತು ಅಂತ ಈಗ ನೆನಪಿಲ್ಲ, ಕಾಗದ ನೆನಪಿದೆ.

ಲೇಬಲ್ ನೋಡಿ ವೈನ್ ಕೊಳ್ಳಬಾರದು ಅಂತ ತಿಳಿದವರು ಹೇಳುತ್ತಾರೆ. ನಮ್ಮಂಥವರು ಮತ್ತೇನು ನೋಡಿ ಕೊಳ್ಳಬೇಕು? ಗುಟುಕು ಕೊಟ್ಟು ರುಚಿ ತೋರಿಸುವ ಅಂಗಡಿ ಇಲ್ಲ, ಕೇಳಿದರೆ ಹೇಳುವವರಿಲ್ಲ. ಹಾಗಾಗಿ ಲೇಬಲ್ ನೋಡಿಯೇ ಕೊಳ್ಳಿ. ಆದರೆ ಬಾಟಲಿಗೆ ಎರಡು ಲೇಬಲ್ ಇರುತ್ತವೆ. ಮುಂದಿನದನ್ನು ಬರೆಸುವವನು ಮಾಲೀಕ, ಹಿಂದಿನದನ್ನು ಬರೆಸುವುದು ಕಾಯ್ದೆ. ಇಪ್ಪತ್ತು ವರ್ಷ ಬಾಕ್ಸ್ ಅಚ್ಚು ಮಾಡಿದ ಮೇಲೆ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಮುಂದಿನದು ಓದಿ ಖುಷಿಪಡಿ, ಹಿಂದಿನದು ಓದಿ ದುಡ್ಡು ಕೊಡಿ.

1. ಒಂದಲ್ಲ, ಮೂರು ಬಾಟಲಿ

ಒಂದೇ ಬಾಟಲಿ ಕುಡಿದರೆ ಏನೂ ತಿಳಿಯುವುದಿಲ್ಲ. ಚಲೋ ಇತ್ತು, ಚಲೋ ಇರಲಿಲ್ಲ, ಮುಗೀತು. ಮೂರನ್ನು ಪಕ್ಕ ಪಕ್ಕ ಇಟ್ಟಾಗಲೇ ಇದು ಹುಳಿ, ಅದು ಒಗರು, ಮತ್ತೊಂದು ಬರೀ ಸಪ್ಪೆ ಎಂದು ನಾಲಿಗೆ ತಾನಾಗಿ ಹೇಳತೊಡಗುತ್ತದೆ. ಅದಕ್ಕೆ ಮೂರು-ನಾಲ್ಕು ಜನ ಗೆಳೆಯರು ಸೇರಿ ದುಡ್ಡು ಹಾಕಿ. ನಮ್ಮ ಮಿತಿ ಬಾಟಲಿಗೆ ಎಂಟುನೂರು ರೂಪಾಯಿ. ಅದರ ಒಳಗೆ ಸಿಗುವುದು ಬಹುತೇಕ ನಾಸಿಕ್ ಕಡೆಯದು, ಬೆಂಗಳೂರು-ನಂದಿ ಬೆಟ್ಟದ ಕಡೆಯದು, ಒಮ್ಮೊಮ್ಮೆ ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯ ಅಕಲೂಜದ್ದು. ವಿದೇಶಿ ಬಾಟಲಿ ಈ ಬೆಲೆಗೆ ಸಿಕ್ಕರೂ ಆಸೆಪಡಬೇಡಿ. ಆಮದು ವೈನ್ ಬಹಳ ವರ್ಷಗಳಿಂದ ಶೇಕಡ 150ರಷ್ಟು ಸುಂಕ ಹೊತ್ತು ಬಂದ ಸರಕು. ನೀವು ಕೊಡುವ ದುಡ್ಡಿನಲ್ಲಿ ಹಡಗು, ಸುಂಕ, ಲಾಭ ಎಲ್ಲ ಕಳೆದ ಮೇಲೆ ಒಳಗಿನ ದ್ರವಕ್ಕೆ ಉಳಿಯುವುದು ಚಿಲ್ಲರೆ.

ಆರಿಸುವಾಗ ನಮ್ಮದೊಂದು ನಿಯಮ ಉಂಟು. ಮೊದಲನೆಯದು ಕಣ್ಣಿಗೆ ಹಿಡಿಸಿದ್ದು. ಎರಡನೆಯದು ಅದೇ ದ್ರಾಕ್ಷಿಯದೇ, ಆದರೆ ಕೈಯಲ್ಲಿ ಹಿಡಿಯಲೂ ಮನಸ್ಸಾಗದಷ್ಟು ಕೆಟ್ಟ ಲೇಬಲ್ಲಿನದು. ಮೂರನೆಯದು ಯಾವುದಾದರೂ. ಮೊದಲಿನ ಎರಡರ ದ್ರಾಕ್ಷಿ ಒಂದೇ ಆಗಿದ್ದರೆ ಲೇಬಲ್ ನಿಮಗೆ ಎಷ್ಟು ಟೋಪಿ ಹಾಕಿತು ಅಂತ ಸಂಜೆ ಲೆಕ್ಕ ಹಾಕಬಹುದು.

ಕರ್ನಾಟಕದಲ್ಲಿ ಕೊಳ್ಳುವವರಿಗೆ 21 ತುಂಬಿರಬೇಕು. ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಚೀಟಿ ಇದೆಯೇ ನೋಡಿ. ಗೋವಾಕ್ಕೆ ಹೋದವರು ಅಲ್ಲಿ ಅಗ್ಗ ಅಂತ ಡಿಕ್ಕಿ ತುಂಬಿಕೊಂಡು ಬರುವುದುಂಟು. ಆ ರಾಜ್ಯದಲ್ಲಷ್ಟೇ ಮಾರಾಟಕ್ಕೆ ಎಂದು ಬಾಟಲಿಯ ಮೇಲೇ ಅಚ್ಚಾಗಿರುತ್ತದೆ, ಗಡಿಯ ತಪಾಸಣೆಯವರಿಗೆ ಅದನ್ನು ಓದಲು ಬರುತ್ತದೆ.

2. ಮುಂದಿನ ಲೇಬಲ್ಲನ್ನು ಪ್ರೆಸ್ಸಿನವನ ಕಣ್ಣಿನಿಂದ ನೋಡಿ

ನನ್ನ ಕಡೆ ಬರುವ ಪ್ರತಿ ಪಾರ್ಟಿಯೂ ಒಣದ್ರಾಕ್ಷಿ ಬಾಕ್ಸಿನ ಮೇಲೆ 'ಎಕ್ಸ್‌ಪೋರ್ಟ್ ಕ್ವಾಲಿಟಿ' ಅಂತ ಹಾಕಿಸುತ್ತಾರೆ. ಗಾಂಧಿ ಚೌಕ ದಾಟದ ಮಾಲೂ ಎಕ್ಸ್‌ಪೋರ್ಟ್ ಕ್ವಾಲಿಟಿಯೇ. ಒಬ್ಬರು ಪ್ರೂಫ್ ನೋಡಿ, "ಬಂಗಾರದ ಫಾಯಿಲ್ ಸ್ವಲ್ಪ ಜಾಸ್ತಿ ಹೊಡೀರಿ, ಮಾಲ್ ಈ ಸಲ ಸ್ವಲ್ಪ ಕಪ್ಪು ಅದ" ಅಂದಿದ್ದರು. ಫಾಯಿಲ್ಲಿನ ಕೆಲಸವೇ ಅದು. ವೈನ್ ಲೇಬಲ್ಲಿನ ಮೇಲೆ ಕೋಟೆ, ಕಿರೀಟ, ಕುದುರೆ ಸಾರೋಟು, ಬಂಗಾರದ ಅಂಚು ಕಂಡಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಪ್ರಾಣಿಯ ಚಿತ್ರಕ್ಕೂ ಇದೇ ಮಾತು. ಆಸ್ಟ್ರೇಲಿಯಾದ ಯೆಲ್ಲೋ ಟೇಲ್ ಎಂಬ ವೈನ್ 2001ರಲ್ಲಿ ಅಮೆರಿಕಕ್ಕೆ ಹೋದದ್ದು ಕಾಂಗರೂ ಜಾತಿಯ ಪ್ರಾಣಿಯ ಚಿತ್ರ ಹೊತ್ತು. ಅದು ಸಿಕ್ಕಾಪಟ್ಟೆ ಮಾರಾಟವಾದದ್ದೇ ತಡ, ಅಗ್ಗದ ಬಾಟಲಿಗಳ ಮೇಲೆ ಕಪ್ಪೆ, ಹುಂಜ, ಪೆಂಗ್ವಿನ್ ಎಲ್ಲ ಬಂದು ಕೂತವು. ಹಾಗಂತ ಚೆಂದದ ಲೇಬಲ್ಲಿನ ಒಳಗೆ ಕೆಟ್ಟ ವೈನೇ ಇರುತ್ತದೆ ಅಂತಲ್ಲ. ಫ್ರಾನ್ಸಿನ ಶಾತೋ ಮೂತೋಂ ರೋತ್‌ಶೀಲ್ಡ್ ಎಂಬ ವೈನ್ ಮನೆ 1945ರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ಒಬ್ಬ ಹೊಸ ಕಲಾವಿದರಿಂದ ಲೇಬಲ್ ಬರೆಸುತ್ತ ಬಂದಿದೆ. ಅದರ ಒಂದು ಬಾಟಲಿಯ ಬೆಲೆಗೆ ನನ್ನ ಹಳೇ ಮಷೀನು ಬಂದೀತು.

'ರಿಸರ್ವ್' ಎಂಬ ಪದ ಕಂಡರೆ ಎಲ್ಲಿಯ ಬಾಟಲಿ ಅಂತ ಮೊದಲು ನೋಡಿ. ಸ್ಪೇನಿನಲ್ಲಿ ಅದಕ್ಕೆ ಕಾಯ್ದೆಯ ಅರ್ಥವಿದೆ. ಅಲ್ಲಿ ಕೆಂಪು ವೈನ್ 'ರೆಸೆರ್ವಾ' ಅನ್ನಿಸಿಕೊಳ್ಳಲು ಕನಿಷ್ಠ ಮೂರು ವರ್ಷ ಇಟ್ಟಿರಬೇಕು, ಅದರಲ್ಲಿ ಒಂದು ವರ್ಷ ಓಕ್ ಪೀಪಾಯಿಯಲ್ಲಿ. ಅಮೆರಿಕದಲ್ಲಿ ಅದೇ ಪದಕ್ಕೆ ಕೇಂದ್ರದ ಕಾಯ್ದೆಯಲ್ಲಿ ಯಾವ ಅರ್ಥವೂ ಇಲ್ಲ. ನಮ್ಮ ಬಾಟಲಿ ಮೇಲಿದ್ದರೆ ತಯಾರಕರ ಮಾತು ಅಂತ ತಿಳಿಯಿರಿ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಬಾಟಲಿ ಭಾರ, ತಳದ ಆಳವಾದ ಕುಳಿ ಇವೂ ಫಾಯಿಲ್ಲಿನ ಅಣ್ಣತಮ್ಮಂದಿರೇ. ತಿರುಗಿಸುವ ಮುಚ್ಚಳ ಕಂಡು ಮೂಗು ಮುರಿಯಬೇಡಿ. ನ್ಯೂಜಿಲೆಂಡಿನ ವೈನ್ ಬಹುಪಾಲು ಅದರಲ್ಲೇ ಬರುತ್ತದೆ, ನಮ್ಮ ಬಿಸಿಲೂರಿಗೆ ಬಿರಡೆಗಿಂತ ಅದೇ ವಾಸಿ.

3. ಈಗ ಬಾಟಲಿ ತಿರುಗಿಸಿ

ಸಣ್ಣ ಅಕ್ಷರ ಓದಲು ಕನ್ನಡಕ ತೆಗೆದುಕೊಂಡು ಹೋಗಿ. ನಾಚಿಕೆ ಬೇಡ.

ಮೊದಲು ದ್ರಾಕ್ಷಿಯ ಹೆಸರು. ಕೆಂಪಿಗೆ ಶಿರಾಜ್, ಕೆಬರ್ನೆ ಸೊವಿನ್ಯೊನ್, ಬಿಳಿಗೆ ಶೆನಿನ್ ಬ್ಲಾಂಕ್, ಸೊವಿನ್ಯೊನ್ ಬ್ಲಾಂಕ್ ಹೀಗೆ ಏನಾದರೂ ಇದ್ದರೆ ಒಳ್ಳೆಯದು. ಹೆಸರಿದ್ದ ಮಾತ್ರಕ್ಕೆ ಪೂರಾ ಅದೇ ಅಂತಲ್ಲ. ಯುರೋಪಿನಲ್ಲಿ ಒಂದೇ ದ್ರಾಕ್ಷಿಯ ಹೆಸರು ಹಾಕಲು ಶೇಕಡ 85 ಅದಿರಬೇಕು, ಅಮೆರಿಕದಲ್ಲಿ 75 ಇದ್ದರೂ ನಡೆಯುತ್ತದೆ. ಹೆಸರೇ ಇಲ್ಲದೆ ಬರೀ 'ರೆಡ್ ವೈನ್' ಅಂತಿದ್ದರೆ ಒಳಗಿರುವುದು ತಿನ್ನುವ ದ್ರಾಕ್ಷಿಯೂ ಇರಬಹುದು.

ಇಲ್ಲಿ ನಮ್ಮೂರಿನವರಿಗೊಂದು ಅನುಮಾನ ಬರುತ್ತದೆ. ಇಷ್ಟು ದ್ರಾಕ್ಷಿ ನಮ್ಮಲ್ಲೇ ಇರುವಾಗ ವೈನ್ ಯಾಕೆ ನಾಸಿಕ್ಕಿನದು? ರಾಜ್ಯ ಸರ್ಕಾರ 2007ರಲ್ಲೇ ವೈನ್ ನೀತಿ ತಂದು ನಂದಿ ಕಣಿವೆ, ಕೃಷ್ಣಾ ಕಣಿವೆ ಅಂತ ವಲಯ ಮಾಡಿತು. ನಾವು ಕೃಷ್ಣಾ ಕಣಿವೆಯವರು. ಆದರೆ ನಮ್ಮ ಪಡದಲ್ಲಿ ಹೆಚ್ಚಿರುವುದು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಬಳಗ. ತೆಳು ಸಿಪ್ಪೆ, ಬೀಜ ಇಲ್ಲ, ಕಾಯಿ ದಪ್ಪ. ತಿನ್ನಲು, ಒಣಗಿಸಲು ಅದಕ್ಕೆ ಸರಿಸಾಟಿ ಇಲ್ಲ. ವೈನಿಗೆ ಬೇಕಾದ್ದು ಸಣ್ಣ ಕಾಯಿ, ದಪ್ಪ ಸಿಪ್ಪೆ, ಒಳಗೆ ಬೀಜ. ಬಣ್ಣ, ಒಗರು, ವಾಸನೆ ಬರುವುದು ಸಿಪ್ಪೆ-ಬೀಜದಿಂದಲೇ.

ಎರಡನೆಯದು ಆಲ್ಕೋಹಾಲ್ ಶೇಕಡ. ನನ್ನ ಪ್ರಕಾರ ಇಡೀ ಬಾಟಲಿಯ ಮೇಲೆ ಇದಕ್ಕಿಂತ ಉಪಯೋಗದ ಅಂಕಿ ಮತ್ತೊಂದಿಲ್ಲ, ಇದನ್ನು ಓದಲು ಕಲಿಸಿದ್ದು ತಿಕೋಟಾ ಕಡೆಯ ನಮ್ಮ ಕಾಕಾ. ಕಾಕಾ ಕುಡಿಯುವವರಲ್ಲ. ಆದರೆ ಒಣದ್ರಾಕ್ಷಿಗೆ ಕಾಯಿ ಕೊಯ್ಯುವ ಮೊದಲು ಬ್ರಿಕ್ಸ್ ಮೀಟರಿನ ಗಾಜಿನ ಮೇಲೆ ಒಂದು ಹನಿ ರಸ ಹಿಂಡಿ, ಸೂರ್ಯನ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. 22 ದಾಟದೆ ಶೆಡ್ಡಿಗೆ ಹಾಕುವ ಮಾತಿಲ್ಲ. ಬ್ರಿಕ್ಸ್ ಅಂದರೆ ರಸದಲ್ಲಿನ ಸಕ್ಕರೆಯ ಅಳತೆ. ವೈನ್ ಮಾಡುವವರೂ ಇದೇ ಮೀಟರ್ ಹಿಡಿಯುತ್ತಾರೆ, ಯಾಕೆಂದರೆ ಹುದುಗುವಾಗ ಆ ಸಕ್ಕರೆಯೇ ಆಲ್ಕೋಹಾಲ್ ಆಗುವುದು. ಒರಟು ಲೆಕ್ಕದಲ್ಲಿ ಬ್ರಿಕ್ಸನ್ನು 0.55ರಿಂದ ಗುಣಿಸಿ. 22 ಬ್ರಿಕ್ಸಿನ ರಸ ಪೂರಾ ಹುದುಗಿದರೆ ಸುಮಾರು 12 ಶೇಕಡ ಆಲ್ಕೋಹಾಲ್.

ಈಗ ಲೇಬಲ್ ನೋಡಿ. 12ರಿಂದ 14ರ ನಡುವೆ ಇದ್ದರೆ ಹಣ್ಣು ಚೆನ್ನಾಗಿ ಮಾಗಿ, ಸಕ್ಕರೆ ಬಹುಪಾಲು ತೀರಿ ಹೋಗಿದೆ. 8-9 ಅಂತಿದ್ದರೆ ಹುದುಗುವುದನ್ನು ನಡುವೆಯೇ ನಿಲ್ಲಿಸಿ ಸಿಹಿ ಉಳಿಸಿರುವ ಸಂಭವ ಹೆಚ್ಚು. ಸಿಹಿಯೂ ಇದೆ, ಆಲ್ಕೋಹಾಲೂ 15 ದಾಟಿದೆ ಅಂದರೆ ಹೊರಗಿನಿಂದ ಸ್ಪಿರಿಟ್ ಬೆರೆಸಿರಬಹುದು. ಪೋರ್ಚುಗಲ್ಲಿನ ಡೋರೋ ಕಣಿವೆಯ ಅಸಲಿ ಪೋರ್ಟ್ ಹಾಗೇ ಮಾಡುವುದು, ಅದು 20ರ ಆಸುಪಾಸು ಇರುತ್ತದೆ. ನಮ್ಮಲ್ಲಿ 'ಪೋರ್ಟ್' ಅಂತ ಮಾರುವ ಅಗ್ಗದ ಸಿಹಿ ವೈನಿಗೂ ಅದಕ್ಕೂ ಹೆಸರಿನದಷ್ಟೇ ನಂಟು.

ಈ ಅಂಕಿ ಇನ್ನೊಂದು ಲೆಕ್ಕಕ್ಕೂ ಬೇಕು. "ವೈನ್ ಅಂದ್ರ ಜ್ಯೂಸ್ ಇದ್ದಂಗ" ಅನ್ನುವ ಗೆಳೆಯ ಎಲ್ಲರಿಗೂ ಒಬ್ಬ ಇರುತ್ತಾನೆ. 750 ಎಂಎಲ್ ಬಾಟಲಿ, 12.5 ಶೇಕಡ ಅಂದರೆ ಒಳಗೆ ಸುಮಾರು 94 ಎಂಎಲ್ ಶುದ್ಧ ಆಲ್ಕೋಹಾಲ್. 42.8 ಶೇಕಡದ ವಿಸ್ಕಿಯ 60 ಎಂಎಲ್ ಪೆಗ್ಗಿನಲ್ಲಿ ಸುಮಾರು 26. ಒಂದು ಬಾಟಲಿ ಮೂರೂವರೆ ದೊಡ್ಡ ಪೆಗ್ಗಿಗಿಂತ ತುಸು ಹೆಚ್ಚೇ. ಮೂರು ಬಾಟಲಿಗೆ ನಾಲ್ಕು ಜನ ಕೂತರೆ ಮೂರನ್ನೂ ಖಾಲಿ ಮಾಡುವುದಲ್ಲ, ತಲಾ ಒಂದೊಂದು ಸಣ್ಣ ಗ್ಲಾಸು ನೋಡಿ ಮುಚ್ಚಿಡುವುದು. ಬೈಕಿನ ಕೀಲಿ ಮನೆಯವರ ಕೈಗೆ ಕೊಟ್ಟು ಕೂಡ್ರಿ.

ಮೂರನೆಯದು ಸಿಹಿಯ ಪದಗಳು. ಇಲ್ಲಿ ನಾನೊಮ್ಮೆ ಮೋಸ ಹೋಗಿದ್ದೇನೆ. ಗುಳ್ಳೆ ಬರುವ ವೈನಿನ ಮೇಲೆ 'ಎಕ್ಸ್‌ಟ್ರಾ ಡ್ರೈ' ಅಂತಿತ್ತು. ಡ್ರೈ ಅಂದರೆ ಸಿಹಿ ಇಲ್ಲದ್ದು, ಎಕ್ಸ್‌ಟ್ರಾ ಡ್ರೈ ಅಂದರೆ ಸುತರಾಂ ಇಲ್ಲದ್ದು ಅಂತ ತಿಳಿದು ತಂದೆ. ಆದರೆ ಗುಳ್ಳೆ ವೈನಿನ ಲೋಕದಲ್ಲಿ 'ಬ್ರೂಟ್' ಅಂದರೆ ಲೀಟರಿಗೆ 12 ಗ್ರಾಂ ಒಳಗೆ ಸಕ್ಕರೆ, 'ಎಕ್ಸ್‌ಟ್ರಾ ಡ್ರೈ' ಅಂದರೆ 12ರಿಂದ 17 ಗ್ರಾಂ, 'ಡೆಮಿ ಸೆಕ್' ಅಂದರೆ 32ರಿಂದ 50. ಸಿಹಿ ಬೇಡದವರು ಬ್ರೂಟ್ ಅನ್ನೇ ಹುಡುಕಬೇಕು. ಗುಳ್ಳೆ ಇಲ್ಲದ ಸಾದಾ ವೈನಿಗೆ ಈ ತಲೆನೋವಿಲ್ಲ. ಅಲ್ಲಿ ಡ್ರೈ ಅಂದರೆ ಡ್ರೈ.

ವರ್ಷ. ನಮ್ಮಲ್ಲಿ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಆದಮೇಲೆ ಜನವರಿಯಿಂದ ಮಾರ್ಚಿನ ತನಕ ಕೊಯ್ಲು. ಲೇಬಲ್ಲಿನ ವರ್ಷ ಅಂದರೆ ದ್ರಾಕ್ಷಿ ಕೊಯ್ದ ವರ್ಷ. ಎಂಟುನೂರರ ಒಳಗಿನ ಬಿಳಿ ವೈನನ್ನು ಎರಡು ವರ್ಷಕ್ಕಿಂತ ಹಳೆಯದು ನಾನು ಕೊಳ್ಳುವುದಿಲ್ಲ, ಕೆಂಪನ್ನು ಮೂರಕ್ಕಿಂತ. ವೈನ್ ಹಳತಾದಷ್ಟೂ ಚಲೋ ಎಂಬ ಮಾತು ಬೇರೆ ಬೆಲೆಯ, ಬೇರೆ ಊರಿನ ಬಾಟಲಿಗೆ.

ಉಳಿದದ್ದನ್ನು ಬೇಗ ಓದಿ ಬಿಡಿ. 'ತಯಾರಿಸಿ ತುಂಬಿದವರು' ಅಂತ ಒಂದೇ ಹೆಸರಿದ್ದರೆ ಮಾಡಿದವರೇ ತುಂಬಿದ್ದಾರೆ. ಬರೀ ತುಂಬಿದವರ, ಮಾರುವವರ ಹೆಸರಿದ್ದರೆ ವೈನ್ ಬೇರೆಲ್ಲಿಂದಲೋ ಬಂದಿರಬಹುದು. ಆರೋಗ್ಯದ ಎಚ್ಚರಿಕೆ, ಕುಡಿದು ಗಾಡಿ ಓಡಿಸಬೇಡಿ ಎಂಬ ಸಾಲು 2019ರ ಏಪ್ರಿಲ್ 1ರಿಂದ ಆಹಾರ ಸುರಕ್ಷತಾ ನಿಯಮದಂತೆ ಎಲ್ಲ ಬಾಟಲಿ ಮೇಲೂ ಇರಲೇಬೇಕು. 'ಸಲ್ಫೈಟ್ ಇದೆ' ಅನ್ನುವುದನ್ನು ಓದಿ ಹೆದರುವವರು ಬಹಳ. ಅದು ಗಂಧಕದ ಅಂಶ. ಕಾಕಾನ ಒಣದ್ರಾಕ್ಷಿ ಹಳದಿಯಾಗಿ ಹೊಳೆಯಲಿ ಅಂತ ಕೊಡುವುದೂ ಗಂಧಕದ ಹೊಗೆಯೇ. ಯುರೋಪಿನಲ್ಲಿ ಡ್ರೈ ಕೆಂಪು ವೈನಿಗೆ ಲೀಟರಿಗೆ 150 ಮಿಲಿಗ್ರಾಂ, ಬಿಳಿಗೆ 200 ಮಿತಿ. ಒಣಹಣ್ಣಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬಿಡುತ್ತಾರೆ. ಹಳದಿ ಒಣದ್ರಾಕ್ಷಿ ಮುಷ್ಟಿಗಟ್ಟಲೆ ತಿಂದು ಏನೂ ಆಗದವರು ಬೆಳಗಿನ ತಲೆನೋವಿಗೆ ಸಲ್ಫೈಟನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅಸ್ತಮಾ ಇದ್ದವರ ಮಾತು ಬೇರೆ, ಅವರು ಎಚ್ಚರ ವಹಿಸಬೇಕು.

4. ಬಿಸಿಲು ತಿಂದ ಬಾಟಲಿ

ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಮೇಲಿನ ಹಲಗೆ, ತಗಡಿನ ಛತ್ತು, ಪಕ್ಕದಲ್ಲಿ ಪಶ್ಚಿಮದ ಕಿಟಕಿ. ಅಲ್ಲಿ ಎರಡು ಬೇಸಿಗೆ ಕಳೆದ ವೈನ್ ಬಾಟಲಿಯೊಳಗೇ ಬೆಂದಿರುತ್ತದೆ. ಒಂದು ದೀಪಾವಳಿಗೆ ನಾನು ಆಸೆಪಟ್ಟು ಮಿತಿ ಮೀರಿ ತಂದ ಬಾಟಲಿ ಹಾಗಿತ್ತು. ಉಬ್ಬಚ್ಚು, ಫಾಯಿಲ್ ಎಲ್ಲ ಭರ್ಜರಿ. ಗ್ಲಾಸಿಗೆ ಸುರಿದಾಗ ಕೆಂಪಿಗಿಂತ ಇಟ್ಟಿಗೆ ಬಣ್ಣವೇ ಹೆಚ್ಚು, ಮೂಗಿಗೆ ಹಿಡಿದರೆ ಬೆಲ್ಲದ ಪಾಕದಲ್ಲಿ ಕುದಿಸಿದ ಒಣದ್ರಾಕ್ಷಿ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ, ಬಿಚ್ಚಿದ ಬಾಟಲಿಯನ್ನು ಯಾರು ತಗೋತಾರೆ?

ಕೊಳ್ಳುವ ಮೊದಲು ನೋಡಬೇಕಾದ್ದು ಇಷ್ಟು. ಬಿರಡೆ ಬಾಟಲಿಯ ಬಾಯಿಗಿಂತ ಮೇಲಕ್ಕೆ ಉಬ್ಬಿದೆಯೇ, ಮುಚ್ಚಳದ ಸುತ್ತ ಅಂಟಂಟು ಕಲೆ ಇದೆಯೇ, ವೈನ್ ಕುತ್ತಿಗೆಗಿಂತ ಕೆಳಗಿಳಿದಿದೆಯೇ. ಮೂರರಲ್ಲಿ ಒಂದು ಕಂಡರೂ ಬಿಟ್ಟುಬಿಡಿ. ಬಿಳಿ ವೈನ್ ಪಾರದರ್ಶಕ ಗಾಜಿನಲ್ಲಿದ್ದು ಕಡುಹಳದಿ ಕಂಡರೂ ಬೇಡ. ಹುಡುಗನಿಗೆ "ಒಳಗಿನ ಖೋಲಿಯಾಗಿಂದು ಕೊಡಪಾ" ಅನ್ನಿ, ಗೋದಾಮಿನ ಕತ್ತಲೆಯಲ್ಲಿ ಪೆಟ್ಟಿಗೆಯೊಳಗಿದ್ದದ್ದು ಯಾವತ್ತೂ ಮೇಲು. ಸಾಧ್ಯವಿದ್ದರೆ ನವೆಂಬರಿನಿಂದ ಫೆಬ್ರುವರಿ ತನಕ ಕೊಳ್ಳಿ.

5. ತಂಪು ಮಾಡುವುದು

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಅಂತ ಎಲ್ಲ ಕಡೆ ಬರೆದಿರುತ್ತದೆ. ಹಾಗೆ ಬರೆದವರ ಕೋಣೆ ಯುರೋಪಿನದು, 16ರಿಂದ 18 ಡಿಗ್ರಿ. ನಮ್ಮ ಕೋಣೆಯ ಉಷ್ಣತೆಯಲ್ಲಿ ಕುಡಿದರೆ ಮೂಗಿಗೆ ಬರೀ ಸ್ಪಿರಿಟ್ ಹೊಡೆಯುತ್ತದೆ. ಬೇಸಿಗೆಯಲ್ಲಿ ಕೆಂಪನ್ನೂ ಫ್ರಿಜ್ಜಿನಲ್ಲಿ ಒಂದೂವರೆ ತಾಸು ಇಡಿ. ಕರೆಂಟು ಹೋಗಿದ್ದರೆ ಬಕೆಟ್ಟಿಗೆ ಬರ್ಫ ಹಾಕಿ, ಮೇಲೆ ನೀರು ಸುರಿದು ಬಾಟಲಿ ಮುಳುಗಿಸಿ. ಕೆಂಪಿಗೆ ಹತ್ತು-ಹನ್ನೆರಡು ನಿಮಿಷ, ಬಿಳಿಗೆ ಅರ್ಧ ತಾಸು. ನೀರು ಹಾಕದೆ ಬರೀ ಬರ್ಫ ಹಾಕಿದರೆ ಇಷ್ಟು ಬೇಗ ತಂಪಾಗುವುದಿಲ್ಲ. ಬಿಳಿ ತೀರಾ ಗಡ್ಡೆ ಕಟ್ಟುವಷ್ಟು ತಣ್ಣಗೂ ಬೇಡ, ನಾಲಿಗೆ ಮರಗಟ್ಟಿದರೆ ರುಚಿ ತಿಳಿಯುವುದಿಲ್ಲ.

6. ಪೇಪರ್ ಸುತ್ತಿ ಕುಡಿಯಿರಿ

ಲೇಬಲ್ ಕಾಣದ ಹಾಗೆ ಬಾಟಲಿಗಳಿಗೆ ಹಳೇ ದಿನಪತ್ರಿಕೆ ಸುತ್ತಿ, ರಬ್ಬರ್ ಹಾಕಿ, ಮೇಲೆ 1, 2, 3 ಅಂತ ಬರೆಯಿರಿ. ಸುತ್ತುವವರು ಒಬ್ಬರು, ಸುರಿಯುವವರು ಇನ್ನೊಬ್ಬರು. ನಮ್ಮಲ್ಲಿ ಸುತ್ತುವ ಕೆಲಸ ಮನೆಯವಳದು. ಒಮ್ಮೆ ಅವಳು ಒಂದೇ ವೈನನ್ನು ಎರಡು ಬಾಟಲಿಗೆ ಸುರಿದು ಇಟ್ಟಿದ್ದಳು. 1ನೆಯದಕ್ಕಿಂತ 3ನೆಯದು ಬಹಳ ಮೇಲು ಅಂತ ನಾವು ಮೂವರು ಗಂಡಸರು ಅರ್ಧ ತಾಸು ವಾದ ಮಾಡಿದೆವು. ಅವಳು ಅಡುಗೆಮನೆಯಲ್ಲಿ ನಗುತ್ತಿದ್ದದ್ದು ಯಾಕೆ ಅಂತ ಆಮೇಲೆ ತಿಳಿಯಿತು.

ಇದರಲ್ಲಿ ನಾಚುವಂಥದ್ದೇನಿಲ್ಲ. ಫ್ರಾನ್ಸಿನ ಬೋರ್ಡೊದಲ್ಲಿ ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅದಕ್ಕೆ ಅವರು ಕೆಂಪು ವೈನಿನ ಪದಗಳನ್ನೇ ಬರೆದರು. 2001ರಲ್ಲಿ ಪ್ರಕಟವಾದ ಅಧ್ಯಯನ ಅದು. 2008ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರ್, ಒಮ್ಮೆ 90 ಡಾಲರ್ ಅಂತ ಹೇಳಿ ಕುಡಿಸಿದರು. 90 ಅಂದಾಗ ರುಚಿ ಹೆಚ್ಚಿತು ಅಂದರು, ಮೆದುಳಿನ ಸ್ಕ್ಯಾನಿನಲ್ಲೂ ಸುಖದ ಜಾಗ ಹೆಚ್ಚು ಬೆಳಗಿತು. ಪ್ಯಾರಿಸ್ಸಿನಲ್ಲಿ 1976ರ ಮೇ 24ರಂದು ಲೇಬಲ್ ಮುಚ್ಚಿ ಕುಡಿದ ಫ್ರಾನ್ಸಿನ ಪರಿಣತರು ಕೆಂಪಿನಲ್ಲೂ ಬಿಳಿಯಲ್ಲೂ ಕ್ಯಾಲಿಫೋರ್ನಿಯಾದ ಬಾಟಲಿಗೇ ಮೊದಲ ಸ್ಥಾನ ಕೊಟ್ಟು ಕೂತರು.

ಗ್ಲಾಸು ಕಾಲಿನದೇ ಬೇಕೆಂದಿಲ್ಲ. ಬಾಯಿ ಸ್ವಲ್ಪ ಒಳಕ್ಕೆ ಬಾಗಿದ ತೆಳು ಗಾಜು ಸಾಕು, ಎಲ್ಲವೂ ಒಂದೇ ಥರದವು ಇರಲಿ. ಸ್ಟೀಲ್ ಲೋಟ ಮಾತ್ರ ಬೇಡ. ಕಾಲು ಭಾಗ ತುಂಬಿ, ತಿರುಗಿಸಿ, ಮೂಗು ಒಳಗೆ ಇಟ್ಟು ಮೂಸಿ. ಗುಟುಕನ್ನು ಬಾಯೊಳಗೆ ಸುತ್ತಾಡಿಸಿ. ಉಗುಳಲು ಒಂದು ತಂಬಿಗೆ ಇಟ್ಟುಕೊಂಡರೆ ಮೂರನೆಯ ಬಾಟಲಿಯ ಹೊತ್ತಿಗೂ ನಾಲಿಗೆ ಎಚ್ಚರ ಇರುತ್ತದೆ. ಗುಟುಕಿನ ನಡುವೆ ಬಾಯಿ ಸಪ್ಪೆ ಮಾಡಲು ನಮ್ಮ ಕಡಕ್ ರೊಟ್ಟಿಯ ಚೂರಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಎಳ್ಳು ಹಚ್ಚಿದ್ದು ಬೇಡ, ಸಾದಾದು.

7. ಕಂಡದ್ದನ್ನು ಕನ್ನಡದಲ್ಲಿ ಬರೆಯಿರಿ

ಹಿಂದಿನ ಲೇಬಲ್ಲಿನ ಮೇಲೆ ಬ್ಲ್ಯಾಕ್ ಕರಂಟ್, ಗೂಸ್‌ಬೆರಿ, ಸೀಡರ್ ಅಂತೆಲ್ಲ ಬರೆದಿರುತ್ತಾರೆ. ನಾನು ಬ್ಲ್ಯಾಕ್ ಕರಂಟ್ ಕಂಡಿಲ್ಲ. ಕಾಣದ ಹಣ್ಣಿನ ವಾಸನೆ ಹುಡುಕುತ್ತ ಕೂತರೆ ಇರುವ ವಾಸನೆಯೂ ತಪ್ಪಿ ಹೋಗುತ್ತದೆ. ನಾವು ಆ ಪಟ್ಟಿ ಬಿಟ್ಟು ನಮ್ಮ ಸಂತೆಯ ಪಟ್ಟಿ ಹಿಡಿದೆವು.

ವೈನಿನವರು ಟ್ಯಾನಿನ್ ಅನ್ನುವುದಕ್ಕೆ ನಮ್ಮಲ್ಲಿ ಒಗರು ಎಂಬ ಪದ ಮೊದಲಿಂದ ಇದೆ. ನೇರಳೆ ತಿಂದಾಗ, ಅಡಿಕೆ ಅಗಿದಾಗ ನಾಲಿಗೆ ಜಗ್ಗಿ ಹಿಡಿಯುತ್ತದಲ್ಲ, ಅದೇ. ಶಿರಾಜಿನಲ್ಲಿ ಕರಿಮೆಣಸು ಮತ್ತು ನೇರಳೆ ಸಿಗುತ್ತದೆ. ಕೆಬರ್ನೆ ಸರಿಯಾಗಿ ಮಾಗದಿದ್ದರೆ ಹೆಚ್ಚಿದ ಡೊಣ್ಣಮೆಣಸಿನಕಾಯಿ. ಸೊವಿನ್ಯೊನ್ ಬ್ಲಾಂಕಿನಲ್ಲಿ ಪೇರಲ ಮತ್ತು ಈಗಷ್ಟೇ ಕೊಯ್ದ ಹುಲ್ಲು. ಶೆನಿನ್ ಬ್ಲಾಂಕಿನಲ್ಲಿ ಸೇಬು, ಒಮ್ಮೊಮ್ಮೆ ಜೇನು. ಇವು ತಪ್ಪಿದರೂ ಚಿಂತೆಯಿಲ್ಲ, ನಿಮ್ಮ ಮೂಗಿಗೆ ಬಾರೆಹಣ್ಣು ಬಂದರೆ ಬಾರೆಹಣ್ಣು ಅಂತಲೇ ಬರೆಯಿರಿ.

ಕಾಕಾ ಒಂದು ಸಂಜೆ ಊರಿಗೆ ಬಂದಾಗ ಮೂಸಿ ನೋಡಲು ಮಾತ್ರ ಒಪ್ಪಿದರು. 1 ಮೂಸಿ ಸುಮ್ಮನಿದ್ದರು. 2 ಮೂಸಿ, "ಇದು ಮಳಿ ಬಿದ್ದ ಎರಿ ಹೊಲ" ಅಂದರು. 3ನೆಯದನ್ನು ಮೂಗಿನಿಂದ ಸರಕ್ಕನೆ ದೂರ ಹಿಡಿದು, "ತಮ್ಮಾ, ಇದರಾಗ ಬೆಂಗಳೂರು ಬ್ಲೂ ದ್ರಾಕ್ಷಿ ಹಾಕ್ಯಾರ. ದ್ರಾಕ್ಷಿ ಪೆಪ್ಪರಮಿಂಟು ವಾಸನಿ" ಅಂದರು. ಪೇಪರ್ ಬಿಚ್ಚಿದರೆ ಅದೇ, ದ್ರಾಕ್ಷಿಯ ಹೆಸರೇ ಇಲ್ಲದ ಸಿಹಿ ಕೆಂಪು, ಮೂರರಲ್ಲಿ ಎಲ್ಲಕ್ಕಿಂತ ಹೆಚ್ಚು ಬಂಗಾರ ಹೊಡೆದದ್ದು.

ಕೆಟ್ಟ ವಾಸನೆಯನ್ನೂ ಕಲಿಯಬೇಕು. ಬಿರಡೆಯಿಂದ ಕೆಟ್ಟ ವೈನಿಗೆ ನೆಂದ ರಟ್ಟಿನ ವಾಸನೆ ಅನ್ನುತ್ತಾರೆ. ಮಳೆಗಾಲದಲ್ಲಿ ಗೋಡೆಗೆ ಹಚ್ಚಿಟ್ಟ ಕಾರ್ಟನ್ ಕಟ್ಟು ಬಿಚ್ಚಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಸಿರ್ಕಾದ, ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ಬಂದರೆ ಗಾಳಿ ಹೊಕ್ಕು ಹುಳಿತಿದೆ. ಕೊಳೆತ ತತ್ತಿ ಅಥವಾ ಕಡ್ಡಿ ಗೀರಿದ ವಾಸನೆ ಮಾತ್ರ ಕೂಡಲೇ ಚೆಲ್ಲುವಂಥದ್ದಲ್ಲ, ಗ್ಲಾಸಿನಲ್ಲಿ ಹತ್ತು ನಿಮಿಷ ತಿರುಗಿಸುತ್ತಿದ್ದರೆ ಹಲವು ಸಲ ಹಾರಿ ಹೋಗುತ್ತದೆ.

8. ಜೊತೆಗೆ ಏನು

ಒಗರು ಹೆಚ್ಚಿರುವ ಕೆಂಪಿನ ಜೊತೆ ನಮ್ಮ ಎಣ್ಣೆಗಾಯಿ ಬಡಿಸಬೇಡಿ. ಖಾರ, ಒಗರು, ಆಲ್ಕೋಹಾಲ್ ಮೂರೂ ಸೇರಿ ಬಾಯಿಗೆ ಬೆಂಕಿ ಬೀಳುತ್ತದೆ. ಖಾರಕ್ಕೆ ಸ್ವಲ್ಪ ಸಿಹಿ ಇರುವ, ತಣ್ಣಗಿನ ಶೆನಿನ್ ಬ್ಲಾಂಕ್ ಸರಿ. ಬಿಸಿ ಮಿರ್ಚಿ ಭಜಿಗೂ ಅದಕ್ಕೂ ಆಗುವ ಜೋಡಿ ನೋಡಿದರೆ ಯಾರೋ ಜಾತಕ ಕೂಡಿಸಿದಂತಿರುತ್ತದೆ. ಉಪ್ಪು ಹಚ್ಚಿ ಹುರಿದ ಶೇಂಗಾಕ್ಕೆ ಬ್ರೂಟ್. ಸಿಹಿ ತಿನಿಸಿಗೆ ಅದಕ್ಕಿಂತ ಸಿಹಿಯಾದ ವೈನೇ ಬೇಕು, ಇಲ್ಲದಿದ್ದರೆ ವೈನ್ ಹುಣಸೆ ನೀರಾಗುತ್ತದೆ. ಯಾರೂ ಮುಟ್ಟದೆ ಉಳಿದ ಆ ಬಂಗಾರದ ಸಿಹಿ ಕೆಂಪು ಅಮೀನಗಡದ ಕರದಂಟಿನ ಜೊತೆ ಖಾಲಿಯಾಯಿತು, ಅದನ್ನೂ ಹೇಳಿಬಿಡಬೇಕು.

ಮಿಕ್ಕ ವೈನಿಗೆ ಮುಚ್ಚಳ ಬಿಗಿದು, ಕೆಂಪಾದರೂ ಸರಿ, ಫ್ರಿಜ್ಜಿನಲ್ಲಿ ನಿಲ್ಲಿಸಿ ಇಡಿ. ಮೂರ್ನಾಲ್ಕು ದಿನ ನಡೆಯುತ್ತದೆ.

9. ಲೇಬಲ್ ಬಿಡಿಸಿ ಇಡುವುದು

ಕೊನೆಯ ಕೆಲಸ ನನ್ನ ಕಸುಬಿಗೆ ಸೇರಿದ್ದು. ಬಾಟಲಿ ಖಾಲಿಯಾದ ಮೇಲೆ ಲೇಬಲ್ ಬಿಡಿಸಿ, ಹಳೇ ಖಾತೆ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ಬೆಲೆ, ಕೊಂಡ ತಿಂಗಳು, ಮೂಗಿಗೆ ಬಂದದ್ದು, ನಾಲಿಗೆಗೆ ಬಂದದ್ದು ಬರೆದಿಡಿ. ಮುಂದಿನ ಸಲ ಅಂಗಡಿಗೆ ಹೋಗುವಾಗ ನೆನಪಿನ ಮೇಲೆ ನಂಬಿಕೆ ಇಡಬೇಕಿಲ್ಲ.

ಲೇಬಲ್ಲಿನಲ್ಲಿ ಎರಡು ಜಾತಿ. ಸಾದಾ ಗೋಂದಿನದಾದರೆ ಬಿಸಿನೀರಿನ ಬಕೆಟ್ಟಿನಲ್ಲಿ ಒಂದು ಚಮಚ ತಿನ್ನುವ ಸೋಡಾ ಹಾಕಿ ಅರ್ಧ ತಾಸು ಬಿಡಿ, ತಾನಾಗಿ ತೇಲಿ ಬರುತ್ತದೆ. ಈಗ ಹೆಚ್ಚು ಬರುತ್ತಿರುವುದು ಸ್ಟಿಕ್ಕರ್, ಅದಕ್ಕೆ ನೀರು ತಾಗಿಸಿದರೆ ಕಾಗದ ಹರಿದು ಅಂಟು ಬಾಟಲಿಗೇ ಉಳಿಯುತ್ತದೆ. ಅದಕ್ಕೆ ಹೊರಗಿನಿಂದಲ್ಲ, ಒಳಗಿನಿಂದ ಬಿಸಿ ಕೊಡಬೇಕು. ಬಾಟಲಿಯನ್ನು ಸಿಂಕಿನಲ್ಲಿ ನಿಲ್ಲಿಸಿ, ಮೊದಲು ಉಗುರುಬೆಚ್ಚಗಿನ ನೀರು ಹಾಕಿ ಗಾಜು ಕಾಯಿಸಿ ಚೆಲ್ಲಿ, ಆಮೇಲೆ ಚೆನ್ನಾಗಿ ಬಿಸಿಯಾದ ನೀರು ತುಂಬಿ. ಒಮ್ಮೆಲೇ ಕುದಿನೀರು ಸುರಿದರೆ ಗಾಜು ಸೀಳುತ್ತದೆ. ಐದು ನಿಮಿಷ ಬಿಟ್ಟು ಬ್ಲೇಡಿನ ತುದಿಯಿಂದ ಒಂದು ಮೂಲೆ ಎಬ್ಬಿಸಿ, ಬಟ್ಟೆಯಿಂದ ಬಾಟಲಿ ಹಿಡಿದು, ಅವಸರ ಮಾಡದೆ ಒಂದೇ ಸಮ ಎಳೆಯಿರಿ. ಬಂದ ಕೂಡಲೇ ಖಾತೆ ಪುಸ್ತಕಕ್ಕೆ ಹಚ್ಚಿ, ಅಂಟು ಬಿಸಿ ಇರುವಾಗಲೇ ಅಂಗೈಯಿಂದ ಒತ್ತಿ. ಹಿಂದಿನ ಲೇಬಲ್ ಬಿಡಬೇಡಿ, ಎಡಪುಟಕ್ಕೆ ಅದನ್ನೇ ಮೊದಲು ಹಚ್ಚಿ. ಉಬ್ಬಚ್ಚು ಇದ್ದರೆ ಬಲವಾಗಿ ಉಜ್ಜಬೇಡಿ, ಕಾಗದ ಕೂತು ಹೋಗುತ್ತದೆ.